ಬೋಟ್ ಎಂಜಿನ್ನಿನ ಬೋಲ್ಟ್ ಅಲುಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ಮಂಡ್ಯ ಜಿಲ್ಲೆಯವರು, ಕೆಆರ್‌ಎಸ್ ಹಿನ್ನೀರಿನ ದಡದಲ್ಲಿದ್ದೇವೆ. ನಮ್ಮ ಮೀನುಗಾರರ ಗುಂಪಿನ ಫೈಬರ್ ಬೋಟಿಗೆ 25 ಎಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಎರಡು ವರ್ಷದ ಹಿಂದೆ ಮಲ್ಪೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಈಗ ಎಂಜಿನ್ನಿನಿಂದ ಚಿಮ್ಮುವ ನೀರು ತೀರಾ ಸಣ್ಣಗಾಗಿದೆ. ಇಂಪೆಲ್ಲರ್, ಅಂದರೆ ಎಂಜಿನ್ ತಣ್ಣಗಿಡುವ ನೀರನ್ನು ಮೇಲಕ್ಕೆ ತಳ್ಳುವ ರಬ್ಬರ್ ಚಕ್ರ, ಬದಲಿಸಬೇಕು ಅಂದರು. ಅದಕ್ಕೆ ಪ್ರೊಪೆಲ್ಲರ್ ಇರುವ ಕೆಳಭಾಗವಾದ ಗೇರ್‌ಕೇಸ್ ಇಳಿಸಲು ಹೋದರೆ ಎರಡು ಬೋಲ್ಟ್ ಬಂದವು, ಇನ್ನೆರಡು ಅಲುಗುತ್ತಿಲ್ಲ. ಒಂದರ ತಲೆ ಆಗಲೇ ಸ್ವಲ್ಪ ರೌಂಡ್ ಆಗಿದೆ. ಎಂಜಿನ್ನಿನ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಮುಚ್ಚಳದ ಸಣ್ಣ ಬೋಲ್ಟುಗಳದ್ದೂ ಅದೇ ಕತೆ. ನಮ್ಮೂರ ಗ್ಯಾರೇಜಿನವರು ಗ್ಯಾಸ್ ಕಟರ್ ತಂದು ಕೆಂಪಗೆ ಕಾಯಿಸೋಣ ಎನ್ನುತ್ತಿದ್ದಾರೆ. ಅಣೆಕಟ್ಟೆಗೆ ಹೊಸ ನೀರು ಬರುವುದರೊಳಗೆ ಬೋಟ್ ಇಳಿಸಬೇಕು. ಏನು ಮಾಡಲಿ?

ಉತ್ತರ: ಗ್ಯಾಸ್ ಕಟರ್ ಬೇಡ. ದಯವಿಟ್ಟು ಇವತ್ತೇ ಫೋನ್ ಮಾಡಿ ಅವರಿಗೆ ಬೇಡ ಅಂದುಬಿಡಿ.

ನಿಮ್ಮ ಗ್ಯಾರೇಜಿನವರು ಕೆಟ್ಟ ಕೆಲಸಗಾರರು ಅಂತ ನಾನು ಹೇಳುತ್ತಿಲ್ಲ. ಟ್ರ್ಯಾಕ್ಟರ್, ಟಿಲ್ಲರ್, ಪಂಪ್‌ಸೆಟ್ ರಿಪೇರಿ ಮಾಡಿದವರ ಕೈಗೆ ಗ್ಯಾಸ್ ಸಹಜವಾಗಿ ಬರುತ್ತದೆ. ಅಲ್ಲಿ ಬೋಲ್ಟೂ ಕಬ್ಬಿಣ, ಅದು ಕೂತಿರುವ ಜಾಗವೂ ಕಬ್ಬಿಣ. ಕೆಂಪಗೆ ಕಾಯಿಸಿದರೆ ತುಕ್ಕು ಸಿಡಿದು ಬೋಲ್ಟ್ ಬಿಟ್ಟುಕೊಳ್ಳುತ್ತದೆ. ಆದರೆ ನಿಮ್ಮ ಗೇರ್‌ಕೇಸ್ ಅಲ್ಯೂಮಿನಿಯಂ ಎರಕ. ಅಲ್ಯೂಮಿನಿಯಂ ಕೆಂಪಗಾಗುವುದೇ ಇಲ್ಲ. ಬಣ್ಣ ಬದಲಾಗುತ್ತದೆ ಅಂತ ಕಾಯುತ್ತಾ ನಿಂತರೆ, ನೋಡನೋಡುತ್ತಲೇ ಕುಸಿದು ನೆಲಕ್ಕೆ ಸುರಿಯುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಎರಕದ ಮಿಶ್ರಲೋಹ ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಗ್ಯಾಸ್ ಜ್ವಾಲೆ 3,000 ಡಿಗ್ರಿ ಆಸುಪಾಸು ಇರುತ್ತದೆ. ಲೆಕ್ಕ ನೀವೇ ಹಾಕಿ.

ಇನ್ನೊಂದು ಮಾತು. ಬೋಲ್ಟ್ ಬರುವವರೆಗೆ ಆ ಎಂಜಿನ್ ಸ್ಟಾರ್ಟ್ ಮಾಡಬೇಡಿ. "ಸ್ವಲ್ಪ ನೀರು ಬರ್ತಾ ಇದೆಯಲ್ಲ, ಒಂದು ರೌಂಡ್ ಹೋಗಿ ಬಲೆ ಎತ್ತಿಕೊಂಡು ಬರೋಣ" ಅನ್ನಿಸಬಹುದು. ಆ ಒಂದು ರೌಂಡಿನಲ್ಲಿ ಪಿಸ್ಟನ್ ಹಿಡಿದುಕೊಂಡರೆ ಇಂಪೆಲ್ಲರಿನ ಖರ್ಚು ಎಲ್ಲಿ, ಬ್ಲಾಕಿನ ಖರ್ಚು ಎಲ್ಲಿ?

ನಾನು ಈ ಕೆಲಸ ಕಲಿತದ್ದು ಮೈಸೂರಿನಲ್ಲಿ, ಯೆಜ್ದಿ ಬೈಕುಗಳ ಮೇಲೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅಲ್ಲಿಂದ ಹೊರಬಂದ ಬೈಕುಗಳು ನಮ್ಮ ಬೀದಿಗಳಲ್ಲಿ ಬಹಳ ವರ್ಷ ಓಡಿದವು, ಈಗಲೂ ಓಡುತ್ತಿವೆ. ಅದರ ಕ್ಲಚ್ ಕವರ್ ಅಲ್ಯೂಮಿನಿಯಂ, ಸ್ಕ್ರೂ ಉಕ್ಕಿನದು. ಹತ್ತು ವರ್ಷ ಬಿಚ್ಚದ ಕವರಿನ ಸ್ಕ್ರೂ ಬಿಡಿಸುವುದು ಹೇಗೆ ಅನ್ನುವುದೇ ನನ್ನ ಮೊದಲ ಪಾಠ. ಬೋಟ್ ಎಂಜಿನ್ ಕೈಗೆ ಬಂದದ್ದು ಆಮೇಲೆ. ಎರಡರಲ್ಲೂ ಕಾಯಿಲೆ ಒಂದೇ. ಸಮುದ್ರ ನೋಡಿದ ಎಂಜಿನ್ನಿನಲ್ಲಿ ಅದು ಹತ್ತು ಪಟ್ಟು ಜಾಸ್ತಿ, ಅಷ್ಟೇ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ ಪದ ಮಲ್ಪೆ. ಕಾವೇರಿ ನೀರಿನಲ್ಲಿ ಎರಡು ವರ್ಷ ಓಡಿದ ಎಂಜಿನ್ನಿನ ಬೋಲ್ಟ್ ಈ ಪಾಟಿ ಹಿಡಿದುಕೊಳ್ಳುವುದಿಲ್ಲ. ಅದು ಅಲ್ಲಿಂದಲೇ ಹಿಡಿದುಕೊಂಡು ಬಂದಿದೆ. ಔಟ್‌ಬೋರ್ಡಿನ ಮೈ ಅಲ್ಯೂಮಿನಿಯಂ, ಬೋಲ್ಟ್ ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್. ಎರಡು ಬೇರೆ ಲೋಹ ಒಂದಕ್ಕೊಂದು ಅಂಟಿಕೊಂಡಿದ್ದು, ನಡುವೆ ಉಪ್ಪುನೀರು ನಿಂತರೆ ಅದು ಸಣ್ಣ ಬ್ಯಾಟರಿ ಆಗುತ್ತದೆ. ಈ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದದ್ದು ಬಿಳಿ ಪುಡಿಯಾಗಿ ಥ್ರೆಡ್ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ಆ ಪುಡಿಗೆ ಮೊದಲಿದ್ದ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಜಾಗ ಎಲ್ಲಿದೆ? ಇಲ್ಲ. ಹಾಗಾಗಿ ಬೋಲ್ಟನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತದೆ. ಬಂದ ಎರಡು ಬೋಲ್ಟನ್ನು ನೋಡಿ. ಥ್ರೆಡ್ಡಿನಲ್ಲಿ ಸುಣ್ಣದಂಥ ಬಿಳಿ ಅಂಟಿರುತ್ತದೆ, ಕೆಂಪು ತುಕ್ಕು ಕಡಿಮೆ ಇರುತ್ತದೆ. ನಾನು ಹೇಳುತ್ತಿರುವುದು ಅದನ್ನೇ.

ಇದು ಯಾಕೆ ಮುಖ್ಯ ಅಂದರೆ, ಏನು ಹಿಡಿದಿದೆಯೋ ಅದಕ್ಕೆ ತಕ್ಕ ಮದ್ದು ಹಾಕಬೇಕು. ನಮ್ಮ ಮಂಡ್ಯದ ಆಲೆಮನೆಗಳಲ್ಲಿ ಗಾಣದ ಬೋಲ್ಟ್ ಹಿಡಿದುಕೊಂಡರೆ ಹಳಬರು ಎಣ್ಣೆಗಿಂತ ಮೊದಲು ಕುದಿಯುವ ನೀರು ಸುರಿಯುತ್ತಾರೆ. ಕಬ್ಬಿನ ಹಾಲು ಒಣಗಿ ಬೆಲ್ಲವಾಗಿ ಸಂದಿನಲ್ಲಿ ಕೂತಿರುತ್ತದೆ ಅಲ್ವಾ? ಅದು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಉಪ್ಪಿನದೂ ಅದೇ ಗುಣ. ಎಲ್ಲರೂ ನೇರವಾಗಿ ಎಣ್ಣೆ ಸ್ಪ್ರೇ ಮಾಡುತ್ತಾರೆ. ಉಪ್ಪಿನ ಹೆಕ್ಕಳೆ ಮೇಲೆ ಎಣ್ಣೆ ಕೂತು ಒಳಗೆ ಇಳಿಯುವುದೇ ಇಲ್ಲ. ನೀವು ಮೊದಲು ಬಿಸಿನೀರಿನಿಂದ ಶುರು ಮಾಡಿ.

ಅದಕ್ಕೂ ಮೊದಲು ತಯಾರಿ. ಬೋಟನ್ನು ದಡಕ್ಕೆ ಎಳೆದು ಎಂಜಿನ್ ಬಿಚ್ಚಿ, ಗಟ್ಟಿಯಾದ ಮರದ ಸ್ಟ್ಯಾಂಡಿಗೆ ನೇರವಾಗಿ ನಿಲ್ಲಿಸಿ. 25 ಎಚ್‌ಪಿ ಟೂ-ಸ್ಟ್ರೋಕ್ ಅಂದರೆ ಐವತ್ತು ಕೆಜಿ ಆಸುಪಾಸು ಇರುತ್ತದೆ, ಇಬ್ಬರು ಎತ್ತಿ. ಪೆಟ್ರೋಲ್ ಟ್ಯಾಂಕ್, ಪೈಪು ತೆಗೆದು ದೂರ ಇಡಿ. ಕಾರ್ಬ್ಯುರೇಟರಿನಲ್ಲಿ ಉಳಿದಿದ್ದನ್ನೂ ಹೊರಗೆ ಬಿಡಿ. ಬ್ಯಾಟರಿ ಇದ್ದರೆ ಕನೆಕ್ಷನ್ ತೆಗೆಯಿರಿ. ಮುಂದೆ ಬಿಸಿ ಮಾಡುವ ಕೆಲಸ ಇದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಬರುತ್ತದೆ. ಮೂಗಿಗೆ ವಾಸನೆ ಬರುತ್ತಿದ್ದರೆ ಕೆಲಸ ಶುರು ಮಾಡಬೇಡಿ.

ಆಮೇಲೆ ಒಂದು ಸಲ ಎಣಿಸಿ ನೋಡಿ, ಬೋಲ್ಟ್ ಒಟ್ಟು ಎಷ್ಟಿವೆ ಅಂತ. ಬಹಳಷ್ಟು ಔಟ್‌ಬೋರ್ಡುಗಳಲ್ಲಿ ಪ್ರೊಪೆಲ್ಲರಿನ ಮೇಲುಗಡೆ ಸಣ್ಣ ಮೀನಿನ ರೆಕ್ಕೆಯಂಥ ತುಂಡು ಇರುತ್ತದೆ. ಟ್ರಿಮ್ ಟ್ಯಾಬ್ ಅನ್ನುತ್ತಾರೆ. ಅದರ ಹಿಂದೆ ಒಂದು ಬೋಲ್ಟ್ ಅಡಗಿರುವುದುಂಟು. ಅದನ್ನು ನೋಡದೆ ಗೇರ್‌ಕೇಸ್ ಜಗ್ಗಿ ಜಗ್ಗಿ ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿ ಮುರಿದವರನ್ನು ಕಂಡಿದ್ದೇನೆ. ಟ್ಯಾಬ್ ಬಿಚ್ಚುವ ಮೊದಲು ಅದು ಯಾವ ಕೋನದಲ್ಲಿದೆ ಅಂತ ಗೀಟು ಹಾಕಿಕೊಳ್ಳಿ. ಗೇರ್ ಹಾಕುವ ರಾಡ್ ಎಲ್ಲಿ ಸೇರಿದೆ ಅನ್ನುವುದನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಬಿಸಿನೀರು. ಕುದಿಸಿದ ನೀರನ್ನು ಬೋಲ್ಟಿನ ತಲೆಗೆ, ಗೇರ್‌ಕೇಸ್ ಮತ್ತು ಮೇಲಿನ ಭಾಗ ಕೂಡುವ ಸಂದಿಗೆ ಎರಡು ಮೂರು ಕೆಟಲ್ ನಿಧಾನಕ್ಕೆ ಸುರಿಯಿರಿ. ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ. ಮತ್ತೆ ಸುರಿಯಿರಿ. ಬಿಸಿಲಿಗೆ ಒಣಗಲು ಬಿಡಿ. ಬೇಸಿಗೆಯ ಬಿಸಿಲಿದ್ದರೆ ಒಂದು ಮಧ್ಯಾಹ್ನ ಸಾಕು.

ಒಣಗಿದ ಮೇಲೆ ಎಣ್ಣೆ. ಯಾವ ಎಣ್ಣೆ ಅಂತ ಎಲ್ಲರೂ ಕೇಳುತ್ತಾರೆ. ಅಂಗಡಿಯಲ್ಲಿ ಮೊದಲು ಸಿಗುವುದು ಡಬ್ಲ್ಯುಡಿ-40. ಅದನ್ನು 1953ರಲ್ಲಿ ಮಾಡಿದ್ದು ಲೋಹದ ಮೇಲಿನ ನೀರನ್ನು ಓಡಿಸಲಿಕ್ಕೆ. ಒದ್ದೆ ತೆಗೆಯಲು ಒಳ್ಳೆಯದು. ಹಳೆಯ ಜಾಮ್ ಬಿಡಿಸಲು ಪೆನೆಟ್ರೇಟಿಂಗ್ ಆಯಿಲ್ ಅಂತಲೇ ಬರೆದಿರುವ ಡಬ್ಬಿ ಕೇಳಿ ತನ್ನಿ. ಮೈಸೂರಿನ ಸಂತೇಪೇಟೆ, ಅಶೋಕ ರಸ್ತೆ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಸಿಗದಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆಗೆ ಅಷ್ಟೇ ಅಳತೆಯ ಅಸಿಟೋನ್ ಬೆರೆಸಿ. ಬೇರೆಯಾಗುತ್ತಿರುತ್ತದೆ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಹತ್ತಿಕೊಳ್ಳುತ್ತದೆ, ಹುಷಾರು. ಪ್ಲಾಸ್ಟಿಕ್ಕಿಗೆ, ಪೇಂಟಿಗೂ ತಾಗಬಾರದು.

ನಿಮ್ಮ ಗೇರ್‌ಕೇಸ್ ಬೋಲ್ಟಿನಲ್ಲಿ ಒಂದು ತೊಡಕಿದೆ. ಅದು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ತಲೆಗೆ ಎಣ್ಣೆ ಹಾಕಿದರೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಎಂಜಿನ್ ತಲೆಕೆಳಗು ಮಾಡೋಣ ಅಂದರೆ ಎಕ್ಸಾಸ್ಟಿನಲ್ಲಿ ಉಳಿದ ನೀರು ಸಿಲಿಂಡರಿಗೆ ಇಳಿಯಬಹುದು. ನಾನು ಮಾಡುವುದು ಹೀಗೆ. ದೀಪದ ಬತ್ತಿ ಇದೆಯಲ್ಲ, ಹತ್ತಿಯದು, ಅದನ್ನು ಉದ್ದಕ್ಕೆ ಹೊಸೆದು, ಎರಡು ಭಾಗ ಕೂಡುವ ಸಂದಿಯ ಸುತ್ತ ಒತ್ತಿ ಸುತ್ತಿ. ಬೋಲ್ಟ್ ತಲೆಯ ಬುಡಕ್ಕೂ ಒಂದು ಸುತ್ತು. ಬತ್ತಿ ತೊಯ್ಯುವಷ್ಟು ಎಣ್ಣೆ ಬಿಡಿ. ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹಾಕಿ. ದೀಪದಲ್ಲಿ ಎಣ್ಣೆ ಮೇಲಕ್ಕೆ ಏರುವ ಹಾಗೆಯೇ ಇಲ್ಲೂ ಸಂದಿನೊಳಕ್ಕೆ ಎಣ್ಣೆ ಏರುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎಣ್ಣೆ ಬಿಡುತ್ತಿರಿ. ಮೂರು ದಿನ.

ಮೂರು ದಿನ ಅಂದ ಕೂಡಲೇ ಎಲ್ಲರಿಗೂ ಬೇಜಾರು. ನಿಮಗೆ ಹೊಸ ನೀರು ಬರುವ ಚಿಂತೆ ಇದೆ, ಅರ್ಥವಾಗುತ್ತದೆ. ಆದರೆ ಬೋಲ್ಟ್ ಒಳಗೆ ಮುರಿದರೆ ಆಗುವುದು ಮೂರು ವಾರದ ಕೆಲಸ. ಈ ಮೂರು ದಿನದಲ್ಲಿ ಬಲೆ ಸರಿ ಮಾಡಿಕೊಳ್ಳಿ, ಬೋಟಿನ ಫೈಬರ್ ನೋಡಿಕೊಳ್ಳಿ. ನಡುವೆ ದಿನಕ್ಕೆರಡು ಸಲ ಬೋಲ್ಟ್ ತಲೆಗೆ ಸುತ್ತಿಗೆಯಿಂದ ಬಡಿಯಿರಿ. ನೇರವಾಗಿ ಬೇಡ. ಬೋಲ್ಟ್ ತಲೆಯಷ್ಟೇ ದಪ್ಪದ ಹಿತ್ತಾಳೆ ರಾಡ್ ಇಟ್ಟು ಅದರ ಮೇಲೆ. ಒಂದೇ ದೊಡ್ಡ ಏಟಲ್ಲ, ಸಣ್ಣ ಸಣ್ಣ ಮೂವತ್ತು ನಲವತ್ತು ಏಟು. ಒಳಗಿನ ಬಿಳಿ ಪುಡಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಅಲ್ಯೂಮಿನಿಯಂ ಕಿವಿಗೆ ಏಟು ತಾಗದ ಹಾಗೆ ನೋಡಿಕೊಳ್ಳಿ.

ಇನ್ನು ತಿರುಗಿಸುವ ವಿಷಯ. ಆರು ಮೂಲೆಯ ಸಾಕೆಟ್ ಮಾತ್ರ ಬಳಸಿ. ಹನ್ನೆರಡು ಹಲ್ಲಿನ ರಿಂಗ್ ಸ್ಪ್ಯಾನರ್ ಮೂಲೆಯನ್ನಷ್ಟೇ ಹಿಡಿಯುತ್ತದೆ. ನಿಮ್ಮ ಒಂದು ಬೋಲ್ಟಿನ ತಲೆ ರೌಂಡ್ ಆದದ್ದು ಹಾಗೇ ಇರಬೇಕು, ಇಲ್ಲವೇ ಓಪನ್ ಸ್ಪ್ಯಾನರ್ ಹಾಕಿರಬೇಕು. ರೌಂಡ್ ಆದ ತಲೆಗೆ ಒಂದು ಸೈಜ್ ಚಿಕ್ಕ ಸಾಕೆಟ್ ಹುಡುಕಿ. ತಲೆಯ ಅಂಚನ್ನು ಅರದಿಂದ ಸ್ವಲ್ಪ ಸರಿ ಮಾಡಿ, ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಬಿಗಿಯಾಗಿ ಕೂರಿಸಿ. ಜಪಾನಿ ಎಂಜಿನ್ನಿನ ಪ್ಲಸ್ ಸ್ಕ್ರೂಗಳಿಗೂ ಒಂದು ಮಾತು. ಅವು ನೋಡಲು ನಮ್ಮ ಸಾಮಾನ್ಯ ಪ್ಲಸ್ ಥರವೇ ಇರುತ್ತವೆ, ಆದರೆ ಅಳತೆ ಬೇರೆ, ಜೆಐಎಸ್ ಅಂತ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಕೆಡುತ್ತದೆ. ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರಿಗೆ ಜೆಐಎಸ್ ಬಿಟ್ ಹಾಕಿ ಕೆಲಸ ಮಾಡಿ.

ಮೊದಲು ಬಿಚ್ಚಬೇಡಿ. ಬಿಗಿ ಮಾಡಿ. ಹೌದು, ಬಿಗಿಯುವ ಕಡೆಗೆ ಒಂದು ಕೂದಲೆಳೆಯಷ್ಟು. ಥ್ರೆಡ್ಡಿನ ಒಂದು ಮುಖ ಇಷ್ಟು ವರ್ಷ ಒತ್ತಿಕೊಂಡು ಅಂಟಿದೆ. ಇನ್ನೊಂದು ಕಡೆಗೆ ಸ್ವಲ್ಪ ಜಾಗ ಇರುತ್ತದೆ. ಆ ಕಡೆ ಒಂದಿಷ್ಟು ಅಲುಗಿದರೆ ಅಂಟು ಒಡೆಯುತ್ತದೆ. "ಟಕ್" ಅಂತ ಒಂದು ಸದ್ದು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ಬಿಚ್ಚುವ ಕಡೆ ಒಂದು ಅಲುಗು, ಮತ್ತೆ ಬಿಗಿಯುವ ಕಡೆ ಒಂದು ಅಲುಗು, ನಡುವೆ ಎಣ್ಣೆ. ಕಾಲು ಸುತ್ತು ಬಂತು ಅಂತ ಖುಷಿಯಾಗಿ ಒಂದೇ ಸಲ ಎಳೆದುಬಿಡಬೇಡಿ. ಸಡಿಲವಾದ ಪುಡಿ ಮುಂದಿನ ಥ್ರೆಡ್ಡಿಗೆ ಸೇರಿ ಮತ್ತೆ ಕಚ್ಚಿಕೊಳ್ಳುತ್ತದೆ. ಬಿಚ್ಚುವ ಕಡೆ ಎರಡು ಹೆಜ್ಜೆ, ಬಿಗಿಯುವ ಕಡೆ ಒಂದು ಹೆಜ್ಜೆ. ಪೂರ್ತಿ ಹೊರಬರುವವರೆಗೂ ಹಾಗೆಯೇ.

ಎಷ್ಟು ಬಲ ಹಾಕಬಹುದು? ಇಲ್ಲಿ ಅಂದಾಜು ಸಾಲದು, ಲೆಕ್ಕ ಬೇಕು. ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟ್ ಸಾಮಾನ್ಯವಾಗಿ 6 ಎಂಎಂ, ಅಂದರೆ 10 ನಂಬರ್ ಸ್ಪ್ಯಾನರಿನದು. ಈ ಅಳತೆಯ ಸ್ಟೇನ್‌ಲೆಸ್ ಬೋಲ್ಟಿಗೆ 13 ನ್ಯೂಟನ್ ಮೀಟರ್ ದಾಟಿದರೆ ಕತ್ತು ಮುರಿಯುವ ಅಪಾಯ ಶುರು. ಒಂದು ಅಡಿ ಉದ್ದದ ಹಿಡಿಯ ತುದಿಗೆ ನಾಲ್ಕೂವರೆ ಕೆಜಿ ತೂಗುಹಾಕಿದರೆ ಅಷ್ಟಾಯಿತು. ನಾಲ್ಕೂವರೆ ಕೆಜಿ! ನಮ್ಮ ಕೈಗೆ ಅದು ಬಲ ಅಂತಲೇ ಅನ್ನಿಸುವುದಿಲ್ಲ. 8 ಎಂಎಂ ಬೋಲ್ಟಾದರೆ 32 ನ್ಯೂಟನ್ ಮೀಟರ್, ಅದೇ ಹಿಡಿಯ ತುದಿಗೆ ಹನ್ನೊಂದು ಕೆಜಿ ಹತ್ತಿರ. ಹೀಗಿರುವಾಗ ಸ್ಪ್ಯಾನರಿಗೆ ಮೂರಡಿ ಪೈಪ್ ಸಿಕ್ಕಿಸಿ ಎಳೆದರೆ ಏನಾಗುತ್ತದೆ ಹೇಳಿ. ಸಣ್ಣ ಬೋಲ್ಟಿಗೆ ಸಣ್ಣ ಹಿಡಿ. ನನ್ನ ಹತ್ತಿರ 6 ಎಂಎಂಗೆ ಅಂತಲೇ ಗೇಣುದ್ದದ ರ‍್ಯಾಚೆಟ್ ಇದೆ. ಉದ್ದದ್ದು ಕೈಯಲ್ಲಿದ್ದರೆ ಉದ್ದಕ್ಕೇ ಎಳೆಯುತ್ತೇವೆ, ಅದು ಮನುಷ್ಯನ ಸ್ವಭಾವ.

ಕೈಗೆ ಕೇಳಿಸುವ ಒಂದು ಭಾಷೆ ಇದೆ. ಬೋಲ್ಟ್ ತಿರುಗುತ್ತಾ "ಕಿರ್ರ್" ಅಂದರೆ ಒಳ್ಳೆಯದು, ಒಣ ಥ್ರೆಡ್ ಜರುಗುತ್ತಿದೆ. ಎಳೆದಾಗ ರಬ್ಬರಿನ ಹಾಗೆ ಸ್ವಲ್ಪ ಬಂದು, ಬಿಟ್ಟಾಗ ವಾಪಸ್ ಹೋದರೆ ಬುಡ ತಿರುಗುತ್ತಿಲ್ಲ, ಕತ್ತು ಹಿಂಡಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ. ಬಿಟ್ಟಾಗ ವಾಪಸ್ ಹೋಗದೆ, ಬೆಣ್ಣೆಯ ಹಾಗೆ ಮೆತ್ತಗೆ ಬರುತ್ತಿದ್ದರೆ ಇನ್ನೂ ಕೆಟ್ಟದ್ದು, ಕತ್ತು ಹರಿಯುತ್ತಿದೆ. ಈ ಮೂರರ ವ್ಯತ್ಯಾಸ ಕೈಗೆ ಗೊತ್ತಾಗಬೇಕು. ಗುಜರಿಯಿಂದ ನಾಲ್ಕು ಹಳೇ ಬೋಲ್ಟ್ ತಂದು ವೈಸಿಗೆ ಕಚ್ಚಿಸಿ, ಬೇಕಂತಲೇ ಮುರಿದು ನೋಡಿ. ನನ್ನ ಹತ್ತಿರ ಕಲಿಯಲು ಬಂದ ಹುಡುಗರಿಗೆ ಮೊದಲ ದಿನ ಇದನ್ನೇ ಮಾಡಿಸುತ್ತೇನೆ.

ಮೂರು ದಿನದ ಎಣ್ಣೆಗೂ ಬರಲಿಲ್ಲ ಅಂದರೆ ಬಿಸಿ. ಗ್ಯಾಸ್ ಬೇಡ ಅಂದೆ, ಬಿಸಿ ಬೇಡ ಅನ್ನಲಿಲ್ಲ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ನಂಬುವುದು ಬಿಸಿಯನ್ನೇ. 100 ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 2.3 ಎಂಎಂ ಹಿಗ್ಗುತ್ತದೆ. ಅಷ್ಟೇ ಬಿಸಿಗೆ ಸಾಮಾನ್ಯ ಉಕ್ಕು 1.2 ಎಂಎಂ, ಸ್ಟೇನ್‌ಲೆಸ್ 1.6ರಿಂದ 1.7 ಎಂಎಂ. ಅಂದರೆ ಸುತ್ತಲ ಮೈ ಬೋಲ್ಟಿಗಿಂತ ಜಾಸ್ತಿ ಹಿಗ್ಗಿ ಹಿಡಿತ ಸಡಿಲ ಮಾಡುತ್ತದೆ. ಸ್ಟೇನ್‌ಲೆಸ್ಸಿನಲ್ಲಿ ಈ ಅಂತರ ಸ್ವಲ್ಪ ಕಡಿಮೆ, ಹಾಗಾಗಿ ಬಿಸಿಯನ್ನು ಬೋಲ್ಟಿಗೆ ಕೊಡದೆ ಅದರ ಸುತ್ತಲಿನ ಅಲ್ಯೂಮಿನಿಯಂಗೆ ಕೊಡಬೇಕು. ಹೀಟ್ ಗನ್ ಸಾಕು. ಪೇಂಟ್ ತೆಗೆಯಲು, ಪ್ಲಾಸ್ಟಿಕ್ ಬಗ್ಗಿಸಲು ಬಳಸುತ್ತಾರಲ್ಲ, ಅದೇ.

ಶುರು ಮಾಡುವ ಮೊದಲು ಹಾಕಿದ ಎಣ್ಣೆಯನ್ನೆಲ್ಲ ಒರೆಸಿ. ಬತ್ತಿ, ಟೇಪ್ ತೆಗೆದು ದೂರ ಹಾಕಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಬ್ರೇಕ್ ಕ್ಲೀನರಿನಂಥ ಸ್ಪ್ರೇ ಹಾಕಿದ್ದರೆ ಪೂರ್ತಿ ಆರುವವರೆಗೆ ಬಿಸಿ ಮುಟ್ಟಿಸಬೇಡಿ. ಅವುಗಳಲ್ಲಿ ಕೆಲವಕ್ಕೆ ಕ್ಲೋರಿನ್ ಇರುವ ದ್ರಾವಣ ಹಾಕಿರುತ್ತಾರೆ. ಅದು ಕಾದರೆ ಬರುವ ಹೊಗೆ ವಿಷ.

ಎಷ್ಟು ಕಾಯಿಸಬೇಕು? ಥರ್ಮಾಮೀಟರ್ ಗನ್ ಇದ್ದರೆ 120ರಿಂದ 150 ಡಿಗ್ರಿ ನೋಡಿ. ಇಲ್ಲದಿದ್ದರೆ ದೋಸೆ ಕಾವಲಿ ನೆನಪು ಮಾಡಿಕೊಳ್ಳಿ. ಒಂದು ಹನಿ ನೀರು ಚಿಮುಕಿಸಿ. ಚುಂಯ್ ಅಂದು ಆವಿಯಾದರೆ ಹದ ಸರಿ. ಹನಿ ಮುತ್ತಿನ ಹಾಗೆ ಉರುಳಾಡಿದರೆ ಜಾಸ್ತಿಯಾಯಿತು, 200 ಡಿಗ್ರಿ ಹತ್ತಿರ ಹೋಗಿದೆ, ಗನ್ ಆರಿಸಿ. ಒಳಗಿರುವ ಆಯಿಲ್ ಸೀಲ್, ರಬ್ಬರ್ ಅಷ್ಟು ಬಿಸಿ ತಾಳುವುದಿಲ್ಲ. ಪೇಂಟ್ ಗುಳ್ಳೆ ಏಳುವುದೂ ಒಂದು ಎಚ್ಚರಿಕೆಯೇ.

ಹದ ಬಂದಾಗ ಬೋಲ್ಟಿನ ಬುಡಕ್ಕೆ ಒಂದು ಮೇಣದ ಬತ್ತಿ ಒತ್ತಿ ಹಿಡಿಯಿರಿ. ಮೇಣ ಕರಗಿ ಸಂದಿನೊಳಕ್ಕೆ ಎಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಎಣ್ಣೆ ಹೋಗದ ಕಡೆ ಮೇಣ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸುತ್ತಲಿನ ಮೈ ಬಿಸಿಯಿರುವಾಗಲೇ ಬೋಲ್ಟ್ ತಲೆಗೆ ಮಾತ್ರ ಒದ್ದೆ ಬಟ್ಟೆ ಒಂದು ಕ್ಷಣ ಒತ್ತಿ. ತಲೆ ತಣ್ಣಗಾಗಿ ಕುಗ್ಗುತ್ತದೆ. ಈಗ ಸಾಕೆಟ್ ಹಾಕಿ, ಬಿಗಿ ಒಂದು ಅಲುಗು, ಸಡಿಲ ಒಂದು ಅಲುಗು. ಬರಲಿಲ್ಲವಾ? ಆರಲು ಬಿಡಿ. ಮತ್ತೆ ಕಾಯಿಸಿ. ಒಂದು ಸಲ ಕಾಯಿಸಿ ಬಾರದ್ದು ಐದನೇ ಸಲ ಬರುತ್ತದೆ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ ಒಳಗಿನ ಪುಡಿ ನಿಧಾನಕ್ಕೆ ಒಡೆಯುತ್ತದೆ. ನನ್ನ ಕೈಯಲ್ಲಿ ಒಂದು ಬೋಲ್ಟ್ ಹನ್ನೊಂದನೇ ಸಲ ಬಂದದ್ದಿದೆ.

ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟುಗಳಿಗೆ ಎಣ್ಣೆಗಿಂತ ಮೊದಲೇ ಬಿಸಿ ಕೊಡಿ. ಅವು ತೆಳ್ಳಗಿವೆ, ಬೇಗ ಮುರಿಯುತ್ತವೆ. ಒಳಗಡೆ ಸದಾ ಉಪ್ಪುನೀರು ಬಿಸಿಯಾಗಿ ಓಡಾಡಿದ ಜಾಗ ಅದು, ಹಿಡಿತವೂ ಜಾಸ್ತಿ. ಅಲ್ಲಿ ಒಂದು ಉಪಾಯ ಇದೆ. ಕತ್ತು ಹಿಂಡಿಕೊಳ್ಳುತ್ತಿದೆ ಅನ್ನಿಸಿದರೆ ಎಳೆಯುವುದು ಬಿಟ್ಟು ತಲೆಯನ್ನೇ ಡ್ರಿಲ್ ಮಾಡಿ ತೆಗೆಯಿರಿ. ತಲೆಯ ನಡುವಿಗೆ ಸೆಂಟರ್ ಪಂಚ್ ಹೊಡೆದು, ಬೋಲ್ಟಿನ ದಪ್ಪಕ್ಕಿಂತ ಸ್ವಲ್ಪ ದೊಡ್ಡ ಬಿಟ್ ಹಾಕಿದರೆ ತಲೆ ಬಳೆಯಂತೆ ಕಳಚಿ ಬರುತ್ತದೆ. ಎಲ್ಲ ತಲೆ ಹೋದ ಮೇಲೆ ಮುಚ್ಚಳವನ್ನು ಮೆಲ್ಲಗೆ ತಟ್ಟಿ ಎತ್ತಿ. ಈಗ ಬೋಲ್ಟಿನ ದಂಟು ಮುಚ್ಚಳದ ದಪ್ಪದಷ್ಟು ಹೊರಗೆ ನಿಂತಿರುತ್ತದೆ. ಒತ್ತಡ ಹೋಗಿದೆ, ಬುಡ ಕಣ್ಣಿಗೆ ಕಾಣುತ್ತಿದೆ, ಎಣ್ಣೆಯೂ ಬಿಸಿಯೂ ನೇರ ಬುಡಕ್ಕೆ ಮುಟ್ಟುತ್ತದೆ. ವೈಸ್ ಗ್ರಿಪ್ಪಿನಲ್ಲಿ ಹಿಡಿದು ಅಲುಗಿಸಿದರೆ ಬಹಳ ಸಲ ಸುಲಭವಾಗಿ ಬಂದುಬಿಡುತ್ತದೆ. ತಲೆ ನೀವೇ ತೆಗೆದರೆ ಹಿಡಿಯಲು ದಂಟು ಉಳಿಯುತ್ತದೆ. ಎಳೆದು ಮುರಿದರೆ ಅದು ಬಹಳ ಸಲ ಒಳಗೆ, ಮಟ್ಟಕ್ಕಿಂತ ಕೆಳಗೆ ಮುರಿಯುತ್ತದೆ.

ಒಳಗೆ ಮುರಿದರೆ ಏನು ಅನ್ನುವುದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಇಂಥದೇ ಕರಾವಳಿಯಿಂದ ಬಂದ ಎಂಜಿನ್ನಿನ ಎಕ್ಸಾಸ್ಟ್ ಕವರಿನ 6 ಎಂಎಂ ಬೋಲ್ಟ್ ನನ್ನ ಕೈಯಲ್ಲಿ ಮುರಿಯಿತು. ಸಂಜೆಯಾಗಿತ್ತು, ಮಾಲೀಕರು ಕಾಯುತ್ತಿದ್ದರು. ನಾನು ಅವಸರದಲ್ಲಿ ಸಣ್ಣ ತೂತು ಕೊರೆದು, ಮುರಿದ ಬೋಲ್ಟ್ ತೆಗೆಯುವ ಈಸಿ-ಔಟ್ ಅನ್ನುವ ಸಲಕರಣೆ ಹಾಕಿ ತಿರುಗಿಸಿದೆ. ಈಸಿ-ಔಟ್ ಒಳಗೇ ಮುರಿಯಿತು. ಅದು ಹದ ಕೊಟ್ಟ ಗಟ್ಟಿ ಉಕ್ಕು. ಅದರ ಮೇಲೆ ಯಾವ ಮಾಮೂಲಿ ಡ್ರಿಲ್ ಬಿಟ್ಟೂ ಕಚ್ಚುವುದಿಲ್ಲ, ಪಕ್ಕದ ಮೆತ್ತನೆ ಅಲ್ಯೂಮಿನಿಯಂಗೆ ಜಾರುತ್ತದೆ. ಕೊನೆಗೆ ಬ್ಲಾಕನ್ನು ಪೂರ್ತಿ ಬಿಚ್ಚಿ, ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಮಿಷನ್ ಇರುವ ಟೂಲ್ ರೂಮಿಗೆ ಹೊತ್ತುಕೊಂಡು ಹೋಗಬೇಕಾಯಿತು. ಆ ಮಾಲೀಕರ ಬೋಟು ಒಂದು ಇಡೀ ಸೀಸನ್ ದಡದಲ್ಲೇ ಕೂತಿತು. ಅವರು ಒಂದು ಮಾತೂ ಆಡಲಿಲ್ಲ. ಅದು ನನಗೆ ಇವತ್ತಿಗೂ ನೋಯುತ್ತದೆ. ಹಿಡಿದುಕೊಂಡ ಬೋಲ್ಟಿಗೆ ತೆಳ್ಳಗಿನ ಈಸಿ-ಔಟ್ ಹಾಕಬೇಡಿ. ಒಳ್ಳೇ ಬೋಲ್ಟನ್ನೇ ಮುರಿದ ಹಿಡಿತ ಅದು, ಅದಕ್ಕಿಂತ ಸಪೂರದ ತುಂಡು ಅದನ್ನು ಹೇಗೆ ಬಿಡಿಸುತ್ತದೆ?

ಬದಲಿಗೆ ಹೀಗೆ ಮಾಡಿಸಿ. ಮುರಿದ ಬೋಲ್ಟ್ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲೆ ಇದ್ದರೆ ಅದರ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿಸಿ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಬೋಲ್ಟಿಗೆ ಮಾತ್ರ ಅಂಟುತ್ತದೆ. ವೆಲ್ಡಿಂಗಿನ ಬಿಸಿಯೂ ಹಿಡಿತ ಸಡಿಲಿಸುತ್ತದೆ. ಕೈ ಪಳಗಿದ ವೆಲ್ಡರ್ ಬೇಕು, ಮತ್ತು ಎಂಜಿನ್ನಿನ ವೈರಿಂಗ್, ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಬಾಕ್ಸ್ ಎಲ್ಲ ಬಿಚ್ಚಿಟ್ಟಿರಬೇಕು. ಆಗದಿದ್ದರೆ ಡ್ರಿಲ್. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಬಹಳ ಒಳ್ಳೆಯದು, ಕೊರೆಯುತ್ತಿರುವಾಗಲೇ ಬೋಲ್ಟ್ ಬಿಚ್ಚಿಕೊಂಡು ಬರುವುದುಂಟು. ತೂತು ಸರಿಯಾಗಿ ನಡುವಿಗೆ ಬೀಳಬೇಕು. ಕೈಯಲ್ಲಿ ಹಿಡಿದ ಡ್ರಿಲ್ಲಿನಿಂದ ಅದು ಕಷ್ಟ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದ ಒಳ್ಳೇ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಿಷನ್ನಿಗೆ ಕಟ್ಟಿ ಕೊರೆಸಿ. ಥ್ರೆಡ್ ಹೋದರೂ ಹೆಲಿಕಾಯಿಲ್ ಹಾಕಿಸಬಹುದು. ಅದು ಸ್ಟೇನ್‌ಲೆಸ್ ತಂತಿಯ ಸುರುಳಿ. ಸರಿಯಾಗಿ ಕೂರಿಸಿದರೆ ಹಳೆಯ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ಬೋಲ್ಟ್ ಹೋದರೆ ಹೋಗಲಿ, ಅಂಗಡಿಯಲ್ಲಿ ಸಿಗುತ್ತದೆ. ಕೇಸಿಂಗ್ ಉಳಿಸಿಕೊಳ್ಳಿ.

ಯಾರಾದರೂ ಕಕ್ಕಸು ತೊಳೆಯುವ ಆ್ಯಸಿಡ್ ಹಾಕಿ ನೋಡಿ ಅನ್ನಬಹುದು. ಬೇಡ. ಅದು ಅಲ್ಯೂಮಿನಿಯಂ ತಿನ್ನುತ್ತದೆ, ಸ್ಟೇನ್‌ಲೆಸ್ಸಿಗೂ ಒಳ್ಳೆಯದಲ್ಲ. ಕಾಸ್ಟಿಕ್ ಸೋಡಾ ಇನ್ನೂ ಬೇಗ ಅಲ್ಯೂಮಿನಿಯಂ ಕರಗಿಸುತ್ತದೆ. ಟೈರ್ ಅಂಗಡಿಯ ಗಾಳಿ ಗನ್ನನ್ನು 6 ಎಂಎಂ ಬೋಲ್ಟಿನ ಹತ್ತಿರಕ್ಕೂ ತರಬೇಡಿ.

ಬೋಲ್ಟೆಲ್ಲ ಬಂದರೂ ಗೇರ್‌ಕೇಸ್ ಇಳಿಯದೆ ಇರಬಹುದು. ಆಗ ಎರಡು ಕಾರಣ. ಗೂಟದಂತೆ ಕೂತ ಲೊಕೇಟಿಂಗ್ ಪಿನ್ ಹಿಡಿದಿರುತ್ತದೆ, ಇಲ್ಲವೇ ಡ್ರೈವ್ ಶಾಫ್ಟಿನ ತುದಿಯ ಹಲ್ಲು ಮೇಲಿನ ಕ್ರ್ಯಾಂಕ್ ಶಾಫ್ಟಿನೊಳಗೆ ತುಕ್ಕು ಹಿಡಿದಿರುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತುರುಕಬೇಡಿ, ಮುಖ ಹಾಳಾಗುತ್ತದೆ. ಮರದ ಬೆಣೆ ಎರಡು ಮಾಡಿಕೊಂಡು ಎರಡೂ ಬದಿಯಿಂದ ಸಮವಾಗಿ ತಟ್ಟಿ, ರಬ್ಬರ್ ಸುತ್ತಿಗೆಯಲ್ಲಿ ಅತ್ತಿತ್ತ ಬಡಿಯಿರಿ. ಗೇರ್ ರಾಡ್ ಬಿಚ್ಚಿದ್ದೀರಾ ಅಂತ ಇನ್ನೊಂದು ಸಲ ನೋಡಿ. ಕೆಳಗೆ ಇಳಿದ ಮೇಲೆ ವಾಟರ್ ಪಂಪಿನ ಬೋಲ್ಟುಗಳಿಗೂ ಇದೇ ಕಾಯಿಲೆ ಇರುತ್ತದೆ, ಅಲ್ಲಿಯೂ ಬಿಸಿನೀರಿನಿಂದಲೇ ಶುರು ಮಾಡಿ.

ತಿರುಗಿ ಜೋಡಿಸುವಾಗ ಹಳೇ ಬೋಲ್ಟ್ ಹಾಕಬೇಡಿ. ಉದ್ದ, ಥ್ರೆಡ್ ಅಳತೆ ಸರಿಯಾಗಿ ಹೊಂದುವ ಹೊಸದು ತನ್ನಿ. ಅಲ್ಯೂಮಿನಿಯಂ ಥ್ರೆಡ್ಡಿಗೆ ಅದೇ ಅಳತೆಯ ಟ್ಯಾಪನ್ನು ಕೈಯಲ್ಲೇ ತಿರುಗಿಸಿ ಬಿಳಿ ಪುಡಿ ತೆಗೆದು, ಗಾಳಿ ಊದಿ. ಬೋಲ್ಟಿನ ಥ್ರೆಡ್ಡಿಗೂ ದಂಟಿಗೂ ನೀರಿಗೆ ತೊಳೆದು ಹೋಗದ ಮರೈನ್ ಗ್ರೀಸ್ ಸವರಿ. ಬೋಲ್ಟ್ ಕಚ್ಚದಿರಲಿ ಅಂತ ಸವರುವ, ತಾಮ್ರದ ಪುಡಿ ಇರುವ ಆ್ಯಂಟಿ-ಸೀಜ್ ಬೇಡ. ತಾಮ್ರ, ಅಲ್ಯೂಮಿನಿಯಂ ಸೇರಿದರೆ ಆ ಬ್ಯಾಟರಿ ಕಾಟ ಇನ್ನೂ ಜಾಸ್ತಿ. ಗ್ರೀಸ್ ಹಾಕಿದ ಬೋಲ್ಟ್ ಸುಲಭವಾಗಿ ತಿರುಗುತ್ತದೆ, ಹಾಗಾಗಿ ಗೊತ್ತಾಗದೆ ಜಾಸ್ತಿ ಬಿಗಿಯುವ ಸಂಭವ ಇದೆ. ಟಾರ್ಕ್ ರೆಂಚ್ ಬಾಡಿಗೆಗಾದರೂ ತನ್ನಿ. ಡ್ರೈವ್ ಶಾಫ್ಟಿನ ಹಲ್ಲಿನ ಬದಿಗೆ ಗ್ರೀಸ್ ಸವರಿ, ತಲೆಯ ಮೇಲೆ ಮುದ್ದೆ ಹಾಕಬೇಡಿ. ಮುದ್ದೆ ಇದ್ದರೆ ಶಾಫ್ಟ್ ಪೂರ್ತಿ ಒಳಗೆ ಕೂರುವುದಿಲ್ಲ.

ಇನ್ನೊಂದು ವಿಷಯವನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಗೇರ್‌ಕೇಸಿನ ಮೇಲೆ ಬೂದು ಬಣ್ಣದ ಒಂದು ಲೋಹದ ತುಂಡು ಇರುತ್ತದೆ, ಆನೋಡ್. ಎಂಜಿನ್ ಸವೆಯುವ ಬದಲು ತಾನು ಸವೆಯಲಿಕ್ಕೆ ಇಟ್ಟಿರುವುದು ಅದು. ನಿಮ್ಮ ಎಂಜಿನ್ ಸಮುದ್ರದ್ದಾದ್ದರಿಂದ ಅದು ಸತುವಿನದು ಇರಬಹುದು. ಸತು ಉಪ್ಪುನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಹಿನೀರಿನಲ್ಲಿ ಅದರ ಮೇಲೆ ಪದರ ಕಟ್ಟಿ ಸುಮ್ನೆ ಕೂತುಬಿಡುತ್ತದೆ. ಕಾವೇರಿ ನೀರಿಗೆ ಮೆಗ್ನೀಸಿಯಂ ಆನೋಡ್ ಸರಿ, ಅದು ಸಿಗದಿದ್ದರೆ ಅಲ್ಯೂಮಿನಿಯಂನದು. ಆನೋಡ್ ಕೂರುವ ಜಾಗದಲ್ಲಿ ಪೇಂಟ್ ಇರಬಾರದು, ಲೋಹಕ್ಕೆ ಲೋಹ ತಾಗಬೇಕು.

ಹೊಸ ಇಂಪೆಲ್ಲರ್ ಕೂರಿಸುವಾಗ ಶಾಫ್ಟನ್ನು ಮೇಲಿನಿಂದ ನೋಡಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಮುಚ್ಚಳ ಒತ್ತಿ. ಆಗ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಹಳೆಯ ಇಂಪೆಲ್ಲರಿನ ರೆಕ್ಕೆ ಎಣಿಸಿ. ಒಂದು ಕಡಿಮೆ ಇದ್ದರೆ ಆ ರಬ್ಬರ್ ತುಂಡು ನೀರಿನ ದಾರಿಯಲ್ಲೇ ಎಲ್ಲೋ ಸಿಕ್ಕಿಕೊಂಡಿದೆ. ಥರ್ಮೋಸ್ಟಾಟ್ ಮುಚ್ಚಳ ಹೇಗೂ ತೆರೆದಿರುತ್ತದೆ, ಅಲ್ಲಿ ಹುಡುಕಿ ತೆಗೆಯಿರಿ. ಎಲ್ಲ ಜೋಡಿಸಿದ ಮೇಲೆ ಎಂಜಿನ್ನನ್ನು ನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ. ಒಂದು ನಿಮಿಷದೊಳಗೆ ನೀರು ಪೆನ್ಸಿಲ್ಲಿನಷ್ಟು ದಪ್ಪಗೆ ಚಿಮ್ಮಬೇಕು. ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಿ, ಆ ಸಣ್ಣ ತೂತಿಗೆ ತಂತಿ ಹಾಕಿ ನೋಡಿ. ಎಷ್ಟೋ ಸಲ ಅಲ್ಲಿ ಕಡಜದ ಗೂಡು, ಮಣ್ಣು ಕಟ್ಟಿಕೊಂಡಿರುತ್ತದೆ. ನೀವು ಇನ್ನೂ ಅದನ್ನು ನೋಡಿಲ್ಲದಿದ್ದರೆ ಬಿಸಿನೀರು ಕಾಯಿಸುವ ಮೊದಲೇ ಒಂದು ಸಲ ನೋಡಿಬಿಡಿ.